ಅಂಗಡಿಯ ಅಳಲು ಕಚೇರಿ ತಲುಪುವ ಹೊತ್ತಿಗೆ

ಸಣ್ಣ ವ್ಯಾಪಾರದಲ್ಲಿ ತುರ್ತು ಎಂಬುದನ್ನು ದಿನಗಳ ಲೆಕ್ಕದಲ್ಲಿ ಎಣಿಸಬೇಕು. ದೊಡ್ಡ ಕಂಪನಿ ಮೂರು ತಿಂಗಳ ನಷ್ಟವನ್ನು ಮುಂದಿನ ವರ್ಷದ ಲೆಕ್ಕಕ್ಕೆ ತಳ್ಳಿ ಹೇಗೋ ನಿಭಾಯಿಸುತ್ತದೆ. ಮೈಸೂರಿನ ಮಂಡಿ ಮೊಹಲ್ಲಾದ ಹತ್ತಡಿ ಅಂಗಡಿಯಲ್ಲಿ ಮೂರು ವಾರ ವ್ಯಾಪಾರ ಕೂಡಿಬರದಿದ್ದರೆ ಬಾಡಿಗೆ, ಕೆಲಸದ ಹುಡುಗನ ಸಂಬಳ, ಚೀಟಿಯ ಕಂತು, ಸಗಟು ವ್ಯಾಪಾರಿಯ ಬಾಕಿ ಎಲ್ಲವೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಆ ಅಂಗಡಿಯ ತೊಂದರೆ ಅರ್ಜಿಯಾಗಿ, ಕಡತವಾಗಿ, ಸಭೆಯ ವಿಷಯವಾಗಿ ಮೇಲೇರುವ ಹೊತ್ತಿಗೆ ಬಹಳ ಸಲ ರೋಲಿಂಗ್ ಶಟರ್ ಇಳಿದಾಗಿರುತ್ತದೆ. ಹಾಗಾಗಿ ಸ್ಥಳೀಯ ವ್ಯಾಪಾರಿಗಳ ಕಷ್ಟ ಗುರುತಿಸುವ ಕೆಲಸಕ್ಕೆ ಮೊದಲ ಅಳತೆಗೋಲು ಒಂದೇ. ಈ ತೊಂದರೆ ಹೀಗೇ ಮುಂದುವರಿದರೆ ಈ ಅಂಗಡಿ ಎಷ್ಟು ದಿನ ತಡೆದೀತು?

ಅರಮನೆಯ ಉತ್ತರಕ್ಕೆ, ಸಯ್ಯಾಜಿರಾವ್ ರಸ್ತೆಗೂ ಅಶೋಕ ರಸ್ತೆಗೂ ನಡುವೆ ಹರಡಿಕೊಂಡಿರುವ ಮಂಡಿ ಮೊಹಲ್ಲಾ ನಗರದ ಹಳೆಯ ವ್ಯಾಪಾರಿ ಬಡಾವಣೆಗಳಲ್ಲೊಂದು. ಅಕ್ಬರ್ ರಸ್ತೆ, ಕಬೀರ್ ರಸ್ತೆ, ಪುಲಿಕೇಶಿ ರಸ್ತೆ, ಸಾಡೇ ರಸ್ತೆಗಳಲ್ಲಿ ಮನೆಯ ಮುಂಭಾಗವೇ ಅಂಗಡಿ, ಹಿಂಭಾಗವೇ ಕಾರ್ಖಾನೆ. ಮಂಡಿ ಮಾರುಕಟ್ಟೆಯ ಮಾಂಸ, ತರಕಾರಿ, ದಿನಸಿ. ಬಂಬೂ ಬಜಾರಿನ ಬಿದಿರು, ಏಣಿ, ಮರಮುಟ್ಟು. ಮೀನಾ ಬಜಾರಿನ ಬಟ್ಟೆಬರೆ. ನೂರು ವರ್ಷ ದಾಟಿದ ಮಿಷನ್ ಆಸ್ಪತ್ರೆಯ ಸುತ್ತಲಿನ ಔಷಧಿ ಅಂಗಡಿ, ಹಣ್ಣಿನ ಗಾಡಿ, ಸಣ್ಣ ಹೋಟೆಲುಗಳು. ದಸರೆಯ ಜಂಬೂ ಸವಾರಿ ಬನ್ನಿಮಂಟಪಕ್ಕೆ ಹೋಗುವುದು ಈ ಮೊಹಲ್ಲಾದ ಪಶ್ಚಿಮದ ಅಂಚಿನಲ್ಲೇ. ಒಂದೇ ಚದರ ಕಿಲೋಮೀಟರಿನೊಳಗೆ ಇಷ್ಟು ಬಗೆಯ ವಹಿವಾಟು ಇರುವಲ್ಲಿ "ವ್ಯಾಪಾರಿಗಳ ಸಮಸ್ಯೆ" ಎಂಬ ಒಂದೇ ಹೆಸರಿನ ಸಮಸ್ಯೆ ಇರುವುದಿಲ್ಲ.

ಯಾರನ್ನು ವ್ಯಾಪಾರಿ ಎಂದು ಎಣಿಸಬೇಕು ಎಂಬಲ್ಲೇ ಮೊದಲ ಎಡವಟ್ಟು ಆಗುತ್ತದೆ. ಪಾಲಿಕೆಯ ಉದ್ದಿಮೆ ಪರವಾನಗಿ ಪಟ್ಟಿ ಹಿಡಿದು ಹೊರಟರೆ ನಾಮಫಲಕ ಇರುವ ಅಂಗಡಿ ಸಿಗುತ್ತದೆ. ಫುಟ್‌ಪಾತಿನ ಮೇಲೆ ಟಾರ್ಪಾಲು ಹಾಸಿ ಕೂತವರು, ತಳ್ಳುಗಾಡಿಯವರು, ಮನೆಯೊಳಗೆ ಅಗರಬತ್ತಿ ಹೊಸೆಯುವ ಹೆಂಗಸರು, ಓಣಿಯ ಒಳಕೋಣೆಯಲ್ಲಿ ಬೀಟೆ ಮರದ ಮೇಲೆ ಕುಸುರಿ ಕೂಡಿಸುವವರು ಆ ಪಟ್ಟಿಯಲ್ಲಿ ಸಿಗುವುದಿಲ್ಲ. ವ್ಯಾಪಾರಿ ಸಂಘದ ಸಭೆಗೂ ಇವರು ಬರುವುದು ಅಪರೂಪ, ಯಾಕೆಂದರೆ ಸಭೆಯ ಹೊತ್ತು ಅವರ ದುಡಿಮೆಯ ಹೊತ್ತು. ಸಂಘಗಳು ಬೇಕೇ ಬೇಕು. ಅವಿಲ್ಲದೆ ಒಬ್ಬೊಬ್ಬರ ಮಾತಿಗೆ ತೂಕ ಬರುವುದಿಲ್ಲ. ಆದರೆ ಸಂಘದ ಮನವಿಪತ್ರವೊಂದನ್ನೇ ನೆಚ್ಚಿಕೊಂಡರೆ ಪಾರ್ಕಿಂಗ್ ಮೊದಲ ಸಾಲಿಗೆ ಬರುತ್ತದೆ, ಮೀಟರ್ ಬಡ್ಡಿಯ ಸಾಲ ಕಾಗದದ ಮೇಲೆ ಬರುವುದೇ ಇಲ್ಲ.

ಕೇಳುವುದಕ್ಕೂ ಹೊತ್ತುಗೊತ್ತು ಇದೆ. ಬೆಳಿಗ್ಗೆ ಬೋಣಿಗೆ ಮುಂಚೆ ಹೋಗಿ ಕಷ್ಟ ಕೇಳಿದರೆ ಯಾವ ವ್ಯಾಪಾರಿಯೂ ಬಾಯಿ ಬಿಡಲಾರ. ಸಂಜೆ ಗಿರಾಕಿಗಳ ನಡುವೆ ಕೇಳಿದರೆ "ಎಲ್ಲಾ ಚೆನ್ನಾಗಿದೆ ಸ್ವಾಮಿ" ಎಂಬ ಉತ್ತರ ಬರುತ್ತದೆ, ಏಕೆಂದರೆ ವ್ಯಾಪಾರ ಕುಸಿದಿದೆ ಎಂಬ ಸುದ್ದಿ ಸಗಟು ವ್ಯಾಪಾರಿಯ ಕಿವಿಗೆ ಬಿದ್ದರೆ ಮಾರನೆಯ ದಿನದಿಂದ ಉದ್ರಿಗೆ ಮಾಲು ಬರುವುದಿಲ್ಲ. ಮಧ್ಯಾಹ್ನ ಊಟದ ನಂತರದ ಬಿಡುವೇ ಮಾತಿಗೆ ಸರಿಯಾದ ಸಮಯ. "ನಿಮ್ಮ ಸಮಸ್ಯೆ ಏನು" ಎಂಬ ಪ್ರಶ್ನೆಗಿಂತ ಕಳೆದ ವಾರ ಅಂಗಡಿ ಎಷ್ಟು ಗಂಟೆ ಮುಚ್ಚಿತ್ತು, ಕಳೆದ ತಿಂಗಳು ಯಾವ ಬಿಲ್ಲು ಕಟ್ಟಲಾಗಲಿಲ್ಲ, ಯಾವ ಕಾಗದ ಬಂದಿದೆ, ಅದಕ್ಕೆ ಉತ್ತರ ಕೊಟ್ಟಾಯಿತೇ ಎಂಬಂಥ ಪ್ರಶ್ನೆಗಳಿಂದ ನಿಜ ಸ್ಥಿತಿ ತಿಳಿಯುತ್ತದೆ. ಮಾತಿಗಿಂತ ಮೊದಲೇ ಕಣ್ಣಿಗೆ ಕಾಣುವ ಗುರುತುಗಳೂ ಇವೆ. ಅರ್ಧ ಖಾಲಿಯಾದ ಕಪಾಟು, ಒಂದೇ ಬಗೆಯ ಮಾಲನ್ನು ಮುಂದೆ ಹರಡಿ ಹಿಂದಿನ ಖಾಲಿ ಮುಚ್ಚಿದ ರೀತಿ, ಸಂಬಳದ ಹುಡುಗನ ಜಾಗದಲ್ಲಿ ಶಾಲೆ ಬಿಟ್ಟು ಕೂತ ಮನೆಯ ಮಗ. ಈ ಕೊನೆಯದು ಎಲ್ಲಕ್ಕಿಂತ ಕೆಟ್ಟ ಸೂಚನೆ.

ವ್ಯಾಪಾರದ ಕಷ್ಟಸುಖವನ್ನು ಸರ್ಕಾರವೇ ಹೋಗಿ ಕೇಳಬೇಕೆಂಬ ವಿಚಾರ ಈ ನಗರಕ್ಕೆ ಹೊಸದಲ್ಲ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನ ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಪ್ರತ್ಯೇಕ ಸಮಿತಿಗಳನ್ನು ಮಾಡಿ, ಅಧಿಕಾರಿಗಳನ್ನೂ ಅಧಿಕಾರಿಗಳಲ್ಲದವರನ್ನೂ ಒಟ್ಟಿಗೆ ಕೂರಿಸಿತು. ಅದರ ಹಿಂದಿದ್ದ ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾದ ಮೇಲೆ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದವು. ಆ ಮಂಡಳಿಯೇ ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ (ಎಫ್‌ಕೆಸಿಸಿಐ). ಸಾಲ ಸಿಗುತ್ತಿಲ್ಲ ಎಂಬ ದೂರಿಗೆ ಒಂದು ಬ್ಯಾಂಕು, ಮಾತಾಡಲು ವೇದಿಕೆ ಇಲ್ಲ ಎಂಬ ದೂರಿಗೆ ಒಂದು ಮಂಡಳಿ. ಕೇಳಿದ್ದಕ್ಕೂ ಮಾಡಿದ್ದಕ್ಕೂ ಸಂಬಂಧ ಇದ್ದ ಕಾಲ ಅದು.

ತೊಂದರೆಗಳನ್ನು ಕಲೆಹಾಕಿದ ಮೇಲೆ ಅವುಗಳನ್ನು ಗಡುವಿನ ಮೇಲೆ ಬೇರ್ಪಡಿಸಬೇಕು. ಅಂದಂದೇ ನೋಡಬೇಕಾದವು ಬಹುಪಾಲು ರಸ್ತೆಯದ್ದೇ. ಅಂಗಡಿ ಮುಂದೆ ಒಳಚರಂಡಿ (ಯುಜಿಡಿ) ಪೈಪಿಗೆಂದು ಗುಂಡಿ ಅಗೆದು ಬಿಟ್ಟ ದೃಶ್ಯ ಹಳೆ ಮೈಸೂರಿನಲ್ಲಿ ಎಲ್ಲರಿಗೂ ಪರಿಚಿತ. ಮೊದಲ ದಿನ ವ್ಯಾಪಾರಿ ಒಂದು ಹಲಗೆ ಹಾಕಿ ದಾರಿ ಮಾಡಿಕೊಳ್ಳುತ್ತಾನೆ. ವಯಸ್ಸಾದವರು ಆ ಹಲಗೆ ಹತ್ತುವುದಿಲ್ಲ. ಎರಡನೆಯ ದಿನ ಮಾಲಿನ ಟೆಂಪೊ ಓಣಿಗೆ ಬರಲಾಗದೆ ಮುಖ್ಯರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಅಂಗಡಿಗೆ ಹೊರಿಸಲು ಹಮಾಲಿ ಕೂಲಿ ಬೇರೆ. ಮೂರನೆಯ ದಿನದಿಂದ ಧೂಳು: ಬಟ್ಟೆ ಅಂಗಡಿಯವರು ಮಾಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಡುತ್ತಾರೆ, ಮುಂದೆ ನೇತುಹಾಕದ ಬಟ್ಟೆ ಮಾರಾಟವಾಗುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಕಾಯಂ ಗಿರಾಕಿ ಬೇರೆ ಬೀದಿಯ ಅಂಗಡಿ ನೋಡಿಕೊಂಡಿರುತ್ತಾನೆ, ಗುಂಡಿ ಮುಚ್ಚಿದ ಮೇಲೂ ಅವನು ವಾಪಸು ಬರುವ ಖಾತ್ರಿ ಇಲ್ಲ. ಪಕ್ಕದ ಇರ್ವಿನ್ ರಸ್ತೆಯ ವಿಸ್ತರಣೆ ವರ್ಷಗಟ್ಟಲೆ ಎಳೆದಾಗ ಆ ಬೀದಿಯ ವ್ಯಾಪಾರಿಗಳು ಇದನ್ನು ದೀರ್ಘಕಾಲ ಅನುಭವಿಸಿದರು. ರಸ್ತೆ ಅಗಲವಾಗಬಾರದೆಂದು ಯಾರೂ ಹೇಳುವುದಿಲ್ಲ. ಯಾವ ದಿನ ಅಗೆಯುತ್ತಾರೆ, ಯಾವ ದಿನ ಮುಚ್ಚುತ್ತಾರೆ ಎಂದು ಮೊದಲೇ ತಿಳಿಸಿದರೆ ಅರ್ಧ ಸಂಕಟ ಅಲ್ಲಿಗೇ ಕಡಿಮೆಯಾಗುತ್ತದೆ.

ಇಂಥ ದೂರುಗಳಿಗೆ ಉತ್ತರ ತಡವಾಗಲು ಒಂದು ದೊಡ್ಡ ಕಾರಣ, ಕೆಲಸ ಯಾರದ್ದು ಎಂಬುದೇ ವ್ಯಾಪಾರಿಗೆ ಗೊತ್ತಾಗದಿರುವುದು. ಕಸ, ಚರಂಡಿ, ಪರವಾನಗಿ ಪಾಲಿಕೆಯ ವಲಯ ಕಚೇರಿಗೆ ಸೇರಿದ್ದು. ನೀರು ವಾಣಿ ವಿಲಾಸ ನೀರು ಸರಬರಾಜು ವಿಭಾಗಕ್ಕೆ. ಕರೆಂಟು ಸೆಸ್ಕ್‌ಗೆ, ಅದರ ಸಹಾಯವಾಣಿ 1912. ಗಾಡಿ ನಿಲ್ಲಿಸುವ ತಕರಾರು ಸಂಚಾರ ಪೊಲೀಸರಿಗೆ. ಸಾಲದ ವಿಚಾರ ಬ್ಯಾಂಕಿಗೆ, ಅಲ್ಲಿ ಆಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕಿಗೆ. ಕುಶಲಕರ್ಮಿಗಳ ಯೋಜನೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ. ಒಂದೇ ಗುಂಡಿ ಪಾಲಿಕೆಯದ್ದೂ ಆಗಿರಬಹುದು, ಕೇಬಲ್ ಹಾಕಿದವರದ್ದೂ ಆಗಿರಬಹುದು. ಹಿಂದೆ ಈ ಗೋಜಲನ್ನು ಬಿಡಿಸುತ್ತಿದ್ದವರು ವಾರ್ಡಿನ ಕಾರ್ಪೊರೇಟರ್. ಅಂಗಡಿಯವರು ಫೋನ್ ಮಾಡಿ ಬೈದರೂ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಇರುತ್ತಿದ್ದ. 65 ವಾರ್ಡುಗಳ ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋದ ಮೇಲೆ ಆ ಕೊಂಡಿ ಕಳಚಿತು. ಅಧಿಕಾರಿಗಳು ಎಷ್ಟೇ ಚುರುಕಾಗಿದ್ದರೂ ವಾರ್ಡಿಗೊಬ್ಬ ಪ್ರತಿನಿಧಿ ಇಲ್ಲದಿರುವುದು ಸಣ್ಣ ವ್ಯಾಪಾರಿಗೆ ಆಗಿರುವ ದೊಡ್ಡ ನಷ್ಟ.

ತುರ್ತು ಕಷ್ಟ ಹೇಗೆ ದಿಢೀರನೆ ಎದುರಾಗುತ್ತದೆ, ಅದಕ್ಕೆ ಸ್ಪಂದಿಸುವುದು ಹೇಗೆ ಎಂಬುದಕ್ಕೆ 2025ರ ಜುಲೈ ತಿಂಗಳಿಗಿಂತ ಒಳ್ಳೆಯ ಪಾಠ ಕರ್ನಾಟಕದಲ್ಲಿ ಇತ್ತೀಚೆಗೆ ಸಿಕ್ಕಿಲ್ಲ. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ವಹಿವಾಟಿನ ಮಾಹಿತಿ ತರಿಸಿಕೊಂಡು, ಜಿಎಸ್‌ಟಿ ನೋಂದಣಿ ಇಲ್ಲದೆ ಮಿತಿ ಮೀರಿ ವ್ಯವಹರಿಸಿದ್ದಾರೆ ಎಂದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ ಎಂಬುದು ನಿಯಮ. ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಯವರು ಲಕ್ಷಗಟ್ಟಲೆ ಬೇಡಿಕೆಯ ಕಾಗದ ನೋಡಿ ಕಂಗಾಲಾದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿ ಕೇಳಿದ ಸುದ್ದಿ ರಾಜ್ಯವನ್ನೆಲ್ಲ ಸುತ್ತಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಕ್ಯೂಆರ್ ಕೋಡ್ ಮೇಲೆ ಕಾಗದ ಅಂಟಿಸಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬರಹಗಳು ಅಂಗಡಿಗಳ ಮುಂದೆ ಕಾಣಿಸಿಕೊಂಡವು. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಎಂದರು.

ಯುಪಿಐ ಮೂಲಕ ವ್ಯಾಪಾರಿಯ ಮೊಬೈಲಿಗೆ ಬಂದ ಹಣದಲ್ಲಿ ಮಗಳ ಮದುವೆಗೆ ನೆಂಟರು ಕಳಿಸಿದ್ದು, ಕೈಸಾಲ ತೀರಿಸಿದ್ದು, ಪಕ್ಕದ ಅಂಗಡಿಯವರಿಗಾಗಿ ಪಡೆದದ್ದು ಎಲ್ಲ ಕಲೆತಿರುತ್ತದೆ ಎಂಬ ಸಂಗತಿ ಮಂಡಿ ಮೊಹಲ್ಲಾದ ಯಾವ ಗಲ್ಲಾದ ಮುಂದೆ ಹತ್ತು ನಿಮಿಷ ಕೂತಿದ್ದರೂ ತಿಳಿಯುತ್ತಿತ್ತು. ನೋಟಿಸಿಗೆ ಮುಂಚೆ ಅಷ್ಟು ವಿಚಾರಿಸಿದ್ದರೆ ಸಾಕಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಪ್ರತಿನಿಧಿಗಳನ್ನು ಕರೆದು ಮಾತಾಡಿದರು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಬೇಕು ಎಂಬ ಭರವಸೆಯ ಮೇಲೆ ಬಂದ್ ಕೈಬಿಡಲಾಯಿತು. ರಾಜಿ ತೆರಿಗೆ ಪದ್ಧತಿಗೆ ಸೇರಿದರೆ ವರ್ಷಕ್ಕೆ 1.5 ಕೋಟಿ ರೂಪಾಯಿ ವಹಿವಾಟಿನವರೆಗೆ ಸರಕು ವ್ಯಾಪಾರಿ ಶೇ 1ರಷ್ಟು ಕಟ್ಟಿದರೆ ಸಾಕು, ಸಣ್ಣ ಹೋಟೆಲಿನವರು ಶೇ 5ರಷ್ಟು. ಈ ಮಾತನ್ನು ಇಲಾಖೆ ಬೀದಿಬೀದಿಗೆ ಹೋಗಿ ತಿಳಿಸಲು ಹೊರಟದ್ದು ನೋಟಿಸಿನ ಗಲಾಟೆ ಎದ್ದ ಮೇಲೆ. ತಿಳಿವಳಿಕೆ ಮೊದಲು, ಕಾಗದ ಆಮೇಲೆ ಎಂಬ ಕ್ರಮ ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಆ ತಿಂಗಳ ನಿದ್ದೆ ಉಳಿಯುತ್ತಿತ್ತು.

ತಿಂಗಳೊಳಗೆ ನೋಡಬೇಕಾದ ತೊಂದರೆಗಳಲ್ಲಿ ಸಾಲದ್ದೇ ಮೇಲುಗೈ. ಬ್ಯಾಂಕು ಕೇಳುವ ಕಾಗದ ಹೊಂದಿಸಲಾಗದ ವ್ಯಾಪಾರಿ ಬೆಳಿಗ್ಗೆ ಪಡೆದು ಸಂಜೆ ಕಟ್ಟುವ ದಿನಬಡ್ಡಿಗೆ, ಇಲ್ಲವೇ ಮನೆಯಾಕೆಯ ಹೆಸರಿನ ಗುಂಪು ಸಾಲಕ್ಕೆ ಬೀಳುತ್ತಾನೆ. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಯವರ ಕಾಟ ತಾಳಲಾರದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿಗಳು ಬಂದವು. ಆ ಬೆನ್ನಿಗೇ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು, ಮುಂದೆ ಅದು ಕಾನೂನೂ ಆಯಿತು. ಗರಿಷ್ಠ 10 ವರ್ಷ ಸಜೆ, 5 ಲಕ್ಷ ರೂಪಾಯಿ ದಂಡ. ದುರುಳ ವಸೂಲಿಗೆ ಇದರಿಂದ ಕಡಿವಾಣ ಬಿದ್ದೀತು, ಅಂಗಡಿಗೆ ಬೇಕಾದ ಬಂಡವಾಳ ಮಾತ್ರ ಬೇರೆ ಕಡೆಯಿಂದಲೇ ಬರಬೇಕು. ಬೀದಿ ವ್ಯಾಪಾರಿಗಳಿಗೆ 2020ರ ಜೂನಿನಲ್ಲಿ ಲಾಕ್‌ಡೌನಿನ ನಡುವೆ ಶುರುವಾದ ಪಿಎಂ ಸ್ವನಿಧಿ ಆ ದಿಕ್ಕಿನದ್ದು. ಮೊದಲಿಗೆ 10,000 ರೂಪಾಯಿ ಇದ್ದ ಮೊದಲ ಕಂತಿನ ಸಾಲ 2025ರ ಪರಿಷ್ಕರಣೆಯಲ್ಲಿ 15,000ಕ್ಕೆ, ಎರಡನೆಯದು 25,000ಕ್ಕೆ ಏರಿದೆ, ಮೂರನೆಯದು 50,000. ಅಡಮಾನ ಬೇಕಿಲ್ಲ. ಹಣ್ಣಿನ ಗಾಡಿಯವನಿಗೆ ಇದು ದಿನಬಡ್ಡಿಯಿಂದ ಬಿಡುಗಡೆಯ ದಾರಿ.

ಬೀದಿ ವ್ಯಾಪಾರಿಯ ಇನ್ನೊಂದು ತುರ್ತು, ಗಾಡಿ ಎತ್ತಿಸಿದ ದಿನದ್ದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಜಪ್ತಿ ಮಾಡಿದ ಹಣ್ಣು, ತರಕಾರಿಯಂಥ ಕೆಡುವ ಮಾಲನ್ನು ವ್ಯಾಪಾರಿ ಕೇಳಿದ ದಿನವೇ, ಕೆಡದ ಮಾಲನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು. ಕಾಯ್ದೆಯ ಈ ಮೂರು ಸಾಲನ್ನು ಕನ್ನಡ, ಉರ್ದು ಎರಡರಲ್ಲೂ ಮುದ್ರಿಸಿ ಪ್ರತಿ ಗಾಡಿಗೂ ಅಂಟಿಸುವಷ್ಟು ಅಗ್ಗದ ಪರಿಹಾರ ಮತ್ತೊಂದಿಲ್ಲ. ಅಂಗಡಿಯವರಿಗೂ ಗಾಡಿಯವರಿಗೂ ಜಾಗಕ್ಕಾಗಿ ನಡೆಯುವ ಜಗಳ ಬೇರೆಯದೇ ಮಾತು. ಅಲ್ಲಿ ಇಬ್ಬರದ್ದೂ ನ್ಯಾಯವೇ. ಇಬ್ಬರನ್ನೂ ಒಟ್ಟಿಗೆ ಕೂರಿಸದೆ ಗಾಡಿಗಳನ್ನು ಬೇರೆಡೆ ಸಾಗಿಸಿದರೆ ತಿಂಗಳೊಳಗೆ ಅವು ಮತ್ತೆ ಅಲ್ಲೇ ಬಂದು ನಿಲ್ಲುತ್ತವೆ.

ನಿಧಾನವಾಗಿ ಬಿಗಿಯುವ ತೊಂದರೆಗಳು ತುರ್ತು ಎಂದು ಯಾರಿಗೂ ಕಾಣುವುದಿಲ್ಲ. ಬೀಟೆ ಮರದ ಕೆತ್ತನೆ ಕೂಡಿಕೆಯ ಕೆಲಸ, ಜನ ಇನ್ಲೇ ಎನ್ನುವುದು, ಇದಕ್ಕೆ ಸರಿಯಾದ ಉದಾಹರಣೆ. ಮೊಹಲ್ಲಾದ ಓಣಿಗಳಲ್ಲಿ ತಲೆಮಾರುಗಳಿಂದ ಉಳಿದು ಬಂದ ಕಸುಬು ಇದು. ಮೊದಲು ಕಾಗದದ ಮೇಲೆ ಚಿತ್ರ ಬರೆದು, ಅದನ್ನು ತುಂಡುತುಂಡಾಗಿ ಬಿಡಿಸಿ, ಒಂದೊಂದು ತುಂಡಿಗೂ ಹೊಂದುವ ಸಹಜ ಬಣ್ಣದ ಮರ ಹುಡುಕುತ್ತಾರೆ. ಹಳದಿಗೆ ಹಲಸು, ಕಂದಿಗೆ ತೇಗ, ಹೀಗೆ. ಎಳೆಯಷ್ಟು ತೆಳುವಾದ ಗರಗಸದಿಂದ ಆನೆಯ ಕಿವಿ, ಬಾಲದ ತುದಿ, ಎಲೆಯ ನರ ಕೊಯ್ದು ತೆಗೆಯುತ್ತಾರೆ. ಕಪ್ಪು ಬೀಟೆ ಹಲಗೆಯಲ್ಲಿ ಅದೇ ಆಕಾರದ ತಗ್ಗು ಕೆತ್ತಿ, ಅಂಟು ಹಚ್ಚಿ ಕೂಡಿಸಿ, ಮರಳುಕಾಗದದಿಂದ ತಿಕ್ಕಿ, ಪಾಲಿಶ್ ಕೊಡುತ್ತಾರೆ. ಬೆರಳು ಸವರಿದರೆ ಸೇರಿದ ಜಾಗ ಗೊತ್ತಾಗಬಾರದು. ಅರಮನೆಯ ಬಾಗಿಲುಗಳಲ್ಲಿ ದಂತದಿಂದ ಮಾಡುತ್ತಿದ್ದ ಕುಸುರಿಯನ್ನು ದಂತದ ವ್ಯಾಪಾರ ನಿಂತ ಮೇಲೆ ಕಸುಬುದಾರರು ಮರದಲ್ಲೇ ಮುಂದುವರಿಸಿಕೊಂಡು ಬಂದರು.

ಮೈಸೂರು ಬೀಟೆ ಇನ್ಲೇಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಹೆಸರಿಗೆ ರಕ್ಷಣೆ ಸಿಕ್ಕಿತು, ಮರಕ್ಕೆ ಸಿಗಲಿಲ್ಲ. ಬೀಟೆ ಮರ ಅರಣ್ಯ ಇಲಾಖೆಯ ಡಿಪೊ ಹರಾಜಿನಲ್ಲಿ ದಿಮ್ಮಿಗಳ ಲೆಕ್ಕದಲ್ಲಿ ಬಿಕರಿಯಾಗುತ್ತದೆ. ಒಂದು ಹಲಗೆ ಬೇಕಾದವನು ಅಲ್ಲಿ ಕೂಗಲಾರ. 2017ರ ಜನವರಿಯಿಂದ ಬೀಟೆಯ ಇಡೀ ಕುಲ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿದ್ದರಿಂದ ಹೊರದೇಶಕ್ಕೆ ಕಳಿಸಲು ಕಾಗದಪತ್ರದ ಹೊರೆಯೂ ಸೇರಿತು. ಕಾಡು ಉಳಿಸಲು ಅದು ಬೇಕಾದ ಕ್ರಮವೇ. ಆದರೆ ಒಂದು ಮರದ ಚೂರನ್ನೂ ವ್ಯರ್ಥ ಮಾಡದ ಈ ಕಸುಬುದಾರನಿಗೆ ಸಣ್ಣ ಅಳತೆಯಲ್ಲಿ, ನಿಗದಿತ ಬೆಲೆಯಲ್ಲಿ ಮರ ಕೊಡುವ ಒಂದು ಡಿಪೊ ಇದ್ದರೆ ಕಾಡಿಗೆ ಯಾವ ಹಾನಿಯೂ ಇಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಇನ್ಲೇಗೆ ಪ್ರತ್ಯೇಕ ಜಾಗವಿಲ್ಲ, ಇದ್ದುದರಲ್ಲಿ ಹತ್ತಿರದ್ದು ಬಡಗಿ. ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂಪಾಯಿ ಸಿಗುವ ಆ ಯೋಜನೆಯನ್ನು ಓಣಿಗೆ ತಲುಪಿಸುವ ಕೆಲಸ ಕೈಗಾರಿಕಾ ಕೇಂದ್ರದ್ದು.

ಮಾಲು ಕೊಂಡವರು ದುಡ್ಡು ಸತಾಯಿಸುವುದು ಈ ಕುಸುರಿಗಾರರ ಮತ್ತೊಂದು ಹುಣ್ಣು. ಎಂಪೋರಿಯಂ, ಷೋರೂಮುಗಳಿಗೆ ಕೊಟ್ಟ ಮಾಲಿನ ಹಣ ತಿಂಗಳುಗಟ್ಟಲೆ ನಿಂತಾಗ ಮುಂದಿನ ಮರಕ್ಕೆ ದುಡ್ಡಿರುವುದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉತ್ಪಾದಕನಿಗೆ 45 ದಿನಗಳೊಳಗೆ ಹಣ ಕೊಡಲೇಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಉದ್ಯಮ್ ನೋಂದಣಿ ಇದ್ದರೆ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಇಲ್ಲೊಂದು ಮುಖ್ಯ ವ್ಯತ್ಯಾಸವನ್ನು ಅಂಗಡಿಯವರು ತಿಳಿದಿರಬೇಕು. 2021ರ ಜುಲೈನಿಂದ ಚಿಲ್ಲರೆ, ಸಗಟು ವ್ಯಾಪಾರಿಗಳೂ ಉದ್ಯಮ್ ನೋಂದಣಿ ಪಡೆಯಬಹುದಾದರೂ ಅದು ಆದ್ಯತಾ ಸಾಲಕ್ಕೆ ಮಾತ್ರ, 45 ದಿನದ ರಕ್ಷಣೆ ಅವರಿಗಿಲ್ಲ. ಒಂದೇ ಬೀದಿಯ ಇನ್ಲೇ ಕಾರ್ಖಾನೆಗೆ ಹೊಂದುವ ಔಷಧ ಪಕ್ಕದ ಬಟ್ಟೆ ಅಂಗಡಿಗೆ ಹೊಂದುವುದಿಲ್ಲ.

ಅಗರಬತ್ತಿ ಹೊಸೆಯುವ ಹೆಂಗಸರ ವಿಚಾರ ಇನ್ನೂ ಸೂಕ್ಷ್ಮ. ಯಂತ್ರ ಬಂದು, ವಿಯೆಟ್ನಾಮಿನ ಕಚ್ಚಾ ಬತ್ತಿ ಅಗ್ಗಕ್ಕೆ ಸಿಕ್ಕಾಗ ಕೈಹೊಸೆತದ ಕೂಲಿ ಕುಸಿಯಿತು. ಕೇಂದ್ರ ಸರ್ಕಾರ 2019ರ ಆಗಸ್ಟಿನಲ್ಲಿ ಅಗರಬತ್ತಿ ಆಮದಿಗೆ ನಿರ್ಬಂಧ ಹಾಕಿ, 2020ರ ಜೂನಿನಲ್ಲಿ ಬಿದಿರು ಕಡ್ಡಿಯ ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ದೇಶದ ಕೆಲಸ ದೇಶದಲ್ಲೇ ಉಳಿಯಿತಾದರೂ ಅದರಲ್ಲಿ ಹೆಚ್ಚಿನ ಪಾಲು ಯಂತ್ರಕ್ಕೆ ಹೋಯಿತು. ಈ ಹೆಂಗಸರನ್ನು ಉದ್ದಿಮೆದಾರರು ಎಂದು ಯಾವ ಪಟ್ಟಿಯೂ ಗುರುತಿಸುವುದಿಲ್ಲ. ಅವರ ಕಷ್ಟ ಕೇಳಲು ಹೋಗುವವರೂ ಹೆಂಗಸರೇ ಆಗಿರಬೇಕು, ಬಾಗಿಲಲ್ಲೇ ನಿಂತು ಕೇಳುವವರಿಗೆ ಅಡುಗೆಮನೆಯ ಲೆಕ್ಕ ಸಿಗುವುದಿಲ್ಲ.

ಹಳೆಯ ಕಟ್ಟಡ ಎಂಬುದು ಈ ಭಾಗದ ಅಂಗಡಿಗಳ ತಲೆಯ ಮೇಲಿನ ತೂಗುಕತ್ತಿ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಕುಸಿಯಿತು. ಮಾರುಕಟ್ಟೆಯನ್ನು ಕೆಡವಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ಹೈಕೋರ್ಟಿನ ಮೆಟ್ಟಿಲೇರಿ ವರ್ಷಗಳು ಉರುಳಿದವು. ಅಷ್ಟೂ ಕಾಲ ವ್ಯಾಪಾರಿಗಳು ಬಿರುಕುಬಿಟ್ಟ ಗೋಡೆಯ ಕೆಳಗೇ ಗಲ್ಲಾ ಹಾಕಿಕೊಂಡು ಕೂತಿದ್ದರು. ಕಟ್ಟಡದ ಭವಿಷ್ಯ ತೀರ್ಮಾನವಾಗುವ ಮುಂಚೆ ಅಂಗಡಿಗಳಿಗೆ ತಾತ್ಕಾಲಿಕ ಜಾಗ, ವಾಪಸು ಬರುವ ಹಕ್ಕಿನ ಬರಹ, ಬಾಡಿಗೆಯ ಲೆಕ್ಕ ಈ ಮೂರು ತೀರ್ಮಾನವಾಗಬೇಕು. ಹಾಗೆ ಆಗದ್ದರಿಂದಲೇ ಪ್ರತಿ ದುರಸ್ತಿಯ ಮಾತಿಗೂ ವ್ಯಾಪಾರಿಗಳು ಹೆದರುತ್ತಾರೆ. ಮಂಡಿ ಮೊಹಲ್ಲಾದ ಹಳೆ ಮಹಡಿ ಮನೆಗಳ ಕೆಳ ಅಂತಸ್ತಿನ ಅಂಗಡಿಗಳಿಗೂ ಈ ಮಾತು ಅನ್ವಯಿಸುತ್ತದೆ. ಮಳೆಗಾಲಕ್ಕೆ ಮುಂಚೆ ಒಬ್ಬ ಎಂಜಿನಿಯರ್ ಬೀದಿಬೀದಿ ನಡೆದು ಗೋಡೆ, ತೊಲೆ, ತಾರಸಿ ನೋಡಿ ಬರೆದುಕೊಂಡರೆ ಸಾವು ತಪ್ಪಿಸಬಹುದು.

ಸ್ಪಂದನೆ ಆಯಿತೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಕಡತಕ್ಕಲ್ಲ, ದೂರು ಕೊಟ್ಟ ಅಂಗಡಿಗೆ ಇರಬೇಕು. 2012ರ ಏಪ್ರಿಲಿನಿಂದ ರಾಜ್ಯದಲ್ಲಿರುವ ಸಕಾಲ ವ್ಯವಸ್ಥೆ ಉದ್ದಿಮೆ ಪರವಾನಗಿಯಂಥ ಸೇವೆಗಳಿಗೆ ಗಡುವು ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಲು ಅವಕಾಶ ಕೊಟ್ಟಿದೆ. ಮೊತ್ತ ಚಿಕ್ಕದು, ಆದರೆ ತಡವಾದದ್ದು ಅಧಿಕಾರಿಯ ಹೆಸರಿನಲ್ಲಿ ದಾಖಲಾಗುತ್ತದೆ. ಗುಂಡಿ, ಚರಂಡಿ, ಕತ್ತಲ ಬೀದಿದೀಪದ ದೂರುಗಳಿಗೂ ಇದೇ ಬಗೆಯ ಗಡುವು ಬರೆದು, ವಲಯ ಕಚೇರಿಯವರು ವಾರಕ್ಕೊಮ್ಮೆ ಆ ಅಂಗಡಿಗೇ ಹೋಗಿ ಸಹಿ ಪಡೆಯುವ ಪದ್ಧತಿ ಬಂದರೆ "ಪರಿಹರಿಸಲಾಗಿದೆ" ಎಂಬ ಸುಳ್ಳು ಷರಾ ನಿಲ್ಲುತ್ತದೆ. ಜೊತೆಗೆ ಕೆಲಸಗಳಿಗೆ ವ್ಯಾಪಾರದ ಪಂಚಾಂಗ ನೋಡಬೇಕು. ದಸರೆ, ದೀಪಾವಳಿಗೆ ಮುಂಚಿನ ತಿಂಗಳು, ಮದುವೆಯ ಹಂಗಾಮು, ರಂಜಾನಿನ ಕೊನೆಯ ಹದಿನೈದು ಸಂಜೆಗಳು ಇಲ್ಲಿನ ಬಟ್ಟೆ, ಹಣ್ಣು, ಆಭರಣ, ಚಪ್ಪಲಿ ಅಂಗಡಿಗಳ ವರ್ಷದ ಗಳಿಕೆಯನ್ನು ನಿರ್ಧರಿಸುತ್ತವೆ. ಆಗ ರಸ್ತೆ ಅಗೆಯಬಾರದು. ಮದುವೆಗಳಿಲ್ಲದ ಆಷಾಢದಲ್ಲಿ ಬಟ್ಟೆ, ಆಭರಣದ ಬೀದಿಗಳ ಕೆಲಸ ಹಚ್ಚಿಕೊಳ್ಳಬಹುದು. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಈ ಪಟ್ಟಿಯನ್ನು ಯುಗಾದಿಯ ಹೊತ್ತಿಗೆ, ಬೀದಿಯ ವ್ಯಾಪಾರಿಗಳನ್ನು ಕೂರಿಸಿಕೊಂಡು, ವರ್ಷವರ್ಷವೂ ಹೊಸದಾಗಿ ಬರೆಯಬೇಕಾಗುತ್ತದೆ.